ಪಾಟಣದ ಮಠ: ಬೋಧನೆ ಮತ್ತು ಶೋಧನೆ ಕೂಡಿದ ಒಂದು ನಿದರ್ಶನ

ಬೋಧನೆಗೆ ಕಾಲ ಕೊಟ್ಟರೆ ಸಂಶೋಧನೆ ಸೊರಗುತ್ತದೆ, ಸಂಶೋಧನೆಯಲ್ಲಿ ತೊಡಗಿದರೆ ತರಗತಿ ಬಡವಾಗುತ್ತದೆ ಎಂಬ ಮಾತು ವಿಶ್ವವಿದ್ಯಾಲಯಗಳಲ್ಲಿ ಹಳೆಯದು. ಇದಕ್ಕೊಂದು ಪರಿಹಾರವಾಗಿ ಅಮೆರಿಕದ ಓಹಾಯೊ ರಾಜ್ಯದ ಮಯಾಮಿ ವಿಶ್ವವಿದ್ಯಾಲಯದಲ್ಲಿ 1979ರಲ್ಲಿ ಅಧ್ಯಾಪಕರ ಕಲಿಕಾ ಕೂಟಗಳು ಆರಂಭವಾದವು. ಹತ್ತಾರು ಅಧ್ಯಾಪಕರು ವರ್ಷವಿಡೀ ಒಟ್ಟಿಗೆ ಕುಳಿತು, ತಮ್ಮ ಬೋಧನೆಯನ್ನೇ ಶೋಧನೆಯ ವಸ್ತುವಾಗಿಸಿಕೊಳ್ಳುವುದು ಇವುಗಳ ಕ್ರಮ. ಈ ಪ್ರಶ್ನೆಯನ್ನು ನಾವಿಲ್ಲಿ ಒಂದು ಮಧ್ಯಕಾಲೀನ ಶಾಸನದ ಬೆಳಕಿನಲ್ಲಿ ಪರಿಶೀಲಿಸಬಯಸುತ್ತೇವೆ.

ನಾಸಿಕ ಜಿಲ್ಲೆಯ ಸಟಾಣಾ ಗಿರಣಾ ನದಿಯ ಜಲಾನಯನ ಪ್ರದೇಶದ ಊರು. ಅದೇ ಪ್ರದೇಶದಲ್ಲಿ ಪೂರ್ವಕ್ಕೆ ಸಾಗಿದರೆ, ಛತ್ರಪತಿ ಸಂಭಾಜಿನಗರ ಜಿಲ್ಲೆಯ ಕನ್ನಡ ತಾಲೂಕಿನತ್ತ ಏರುವ ಬೆಟ್ಟಗಳ ಬುಡದಲ್ಲಿ, ಚಾಳೀಸಗಾಂವ್ ಸಮೀಪದ ಪಾಟಣವಿದೆ. ಇದು ಕಲ್ಯಾಣದ ಚಾಳುಕ್ಯರ ಮಾಂಡಲಿಕರಾಗಿ ಬೆಳೆದು, ಅನೇಕ ಕನ್ನಡ ಶಾಸನಗಳನ್ನೂ ಹಾಕಿಸಿದ ಸೇವುಣರ ನಾಡು.

ಪಾಟಣದ ಕ್ರಿ.ಶ. 1207ರ ಶಾಸನವು ಸಿಂಘಣನ ಆಸ್ಥಾನ ಜ್ಯೋತಿಷಿ ಚಾಂಗದೇವನು ಸ್ಥಾಪಿಸಿದ ಮಠವನ್ನು ಕುರಿತದ್ದು. ತನ್ನ ಅಜ್ಜ ಭಾಸ್ಕರಾಚಾರ್ಯನ 'ಸಿದ್ಧಾಂತಶಿರೋಮಣಿ' ಮೊದಲಾದ ಗ್ರಂಥಗಳ ವ್ಯಾಖ್ಯಾನ ಅಲ್ಲಿ ನಡೆಯಬೇಕೆಂಬುದು ಅವನ ಉದ್ದೇಶ. ನಿಕುಂಭ ವಂಶದ ಸೋಯಿದೇವನು ಇದಕ್ಕೆ ದತ್ತಿಯಿತ್ತನು. ಮಾರುಕಟ್ಟೆಯ ಆದಾಯದಲ್ಲಿಯೂ ಮಠಕ್ಕೆ ಪಾಲಿತ್ತು.

ಇಲ್ಲಿ ಗಮನಾರ್ಹವಾದುದು ವ್ಯಾಖ್ಯಾನದ ಸ್ವರೂಪ. 1150ರಲ್ಲಿ ಈ ಗ್ರಂಥವನ್ನು ರಚಿಸಿದ ಭಾಸ್ಕರನೇ ಅದಕ್ಕೆ 'ವಾಸನಾಭಾಷ್ಯ'ವನ್ನೂ ಬರೆದನು. ಸೂತ್ರವನ್ನು ಶಿಷ್ಯನಿಗೆ ವಿವರಿಸುವಾಗ ಅದರ ಉಪಪತ್ತಿಯನ್ನೂ ತೋರಿಸಬೇಕಾಗುತ್ತದೆ. ಬೋಧನೆ ಶೋಧನೆಯಾಗುವುದು ಆ ಘಟ್ಟದಲ್ಲಿಯೇ. ಸಮೀಪದ ಬಹಾಳದ 1222ರ ಶಾಸನದಲ್ಲಿ ಉಲ್ಲೇಖಗೊಂಡ, ಅದೇ ಮನೆತನದ ಅನಂತದೇವನೂ ವ್ಯಾಖ್ಯಾನಕಾರನೇ.

ಆದರೆ ಒಂದೇ ಮನೆತನದ ಗ್ರಂಥಗಳಿಗೆ ಕಟ್ಟುಬಿದ್ದ ಅಧ್ಯಯನವು ಪುನರಾವರ್ತನೆಯಾಗುವ ಅಪಾಯವೂ ಉಂಟು. ಈ ದೃಷ್ಟಿಯಿಂದ ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನ ಹೋಲಿಕೆಗೆ ಯೋಗ್ಯ. ಅಲ್ಲಿನ ಘಟಿಕಾಸ್ಥಾನದಲ್ಲಿ ವೇದ, ಶಾಸ್ತ್ರಗಳ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಮಾತ್ರವಲ್ಲದೆ, ಗ್ರಂಥ ಕಾಯುವ ಸರಸ್ವತೀಭಂಡಾರಿಗರಿಗೂ ವೃತ್ತಿ ಕಲ್ಪಿತವಾಗಿತ್ತು.

ಈ ದತ್ತಿಗಳು ಓದುವವರನ್ನೂ ಓದಿಸುವವರನ್ನೂ ಒಂದೇ ಸೂರಿನಡಿ ಪೋಷಿಸಿದವು. ನಮ್ಮ ಕಾಲದ ವ್ಯವಸ್ಥೆ ಅವುಗಳನ್ನು ಬೇರೆಬೇರೆಯಾಗಿ ಎಣಿಸುತ್ತದೆ. 2018ರ ಯು.ಜಿ.ಸಿ. ನಿಯಮಾವಳಿಯು ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆಗಳ ನೇರ ಬೋಧನೆಯನ್ನು ಗೊತ್ತುಪಡಿಸಿ, ಸಂಶೋಧನೆಗೆ ಪ್ರತ್ಯೇಕ ಅಂಕಗಳನ್ನಿಟ್ಟಿತು. ಅಧ್ಯಾಪಕರು ಕೂಡಿ ಓದುವ ಗಂಟೆಯೂ ದುಡಿಮೆಯ ಗಂಟೆಯೆಂದು ಲೆಕ್ಕಕ್ಕೆ ಬಾರದ ಹೊರತು, ಯಾವ ಹೆಸರಿನ ಕಲಿಕಾ ಕೂಟವೂ ಬಹುಕಾಲ ಬಾಳದೆಂಬುದು ನಮ್ಮ ಅಭಿಪ್ರಾಯ.