ಅರಮನೆಗಳ ಜೀರ್ಣೋದ್ಧಾರ

ಕೃಷ್ಣಾ–ತುಂಗಭದ್ರೆಯರ ನಡುವಣ ಗದ್ವಾಲವು ಕನ್ನಡಿಗರಾದ ನಮಗೆ ಪರಕೀಯವಾದ ಊರಲ್ಲ. ೧೯೫೬ರವರೆಗೆ ಅದು ರಾಯಚೂರು ಜಿಲ್ಲೆಯ ತಾಲೂಕಾಗಿದ್ದು, ರಾಜ್ಯಗಳ ಪುನರ್ವಿಂಗಡಣೆಯಾದಾಗ ಆಂಧ್ರಪ್ರದೇಶಕ್ಕೆ ಸೇರಿತು, ೨೦೧೪ರಿಂದ ತೆಲಂಗಾಣದಲ್ಲಿದೆ. ಹದಿನೇಳನೆಯ ಶತಮಾನದಲ್ಲಿ ಸೋಮಭೂಪಾಲನು ಕಟ್ಟಿಸಿದ ಇಲ್ಲಿಯ ಕೋಟೆಯು, ಮುಂದೆ ನಿಜಾಮರಿಗೆ ಕಪ್ಪ ಸಲ್ಲಿಸುತ್ತಿದ್ದ ಸಂಸ್ಥಾನದ ರಾಜಧಾನಿಯಾಯಿತು. ಅದರ ಅರಸರು ಪಂಡಿತರಿಗೂ ಕವಿಗಳಿಗೂ ಆಶ್ರಯವಿತ್ತುದರಿಂದ ಊರಿಗೆ 'ವಿದ್ವದ್ಗದ್ವಾಲ'ವೆಂಬ ಕೀರ್ತಿ ಬಂದಿತು.

೧೯೪೮ರಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಯಿತು; ಮರುವರ್ಷ ಜಹಗೀರುಗಳು ರದ್ದಾದುವು. ಪ್ರಜೆಗಳಿಗೆ ಅದು ಬಿಡುಗಡೆಯೇ ಸರಿ. ಆದರೆ ಕಂದಾಯದ ಹಣ ನಿಂತರೂ ಮಳೆಗಾಲ ನಿಲ್ಲಲಿಲ್ಲ. ಗೋಡೆಗಳು ಬಿರಿದುವು, ಮಾಳಿಗೆಗಳು ಸೋರಿದುವು. ಇಂತಹ ಕಟ್ಟಡಗಳನ್ನು ಕಾಯುವವರಾರು?

ಅವುಗಳನ್ನು ಹೋಟೆಲುಗಳನ್ನಾಗಿ ಮಾಡುವುದು ಒಂದು ಉತ್ತರ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯರ ವಾಸ್ತವ್ಯಕ್ಕೆಂದು ೧೯೨೧ರಲ್ಲಿ ಕಟ್ಟಿಸಿದ ಲಲಿತಮಹಲು ೧೯೭೪ರಲ್ಲಿ ಹೋಟೆಲಾಯಿತು. ಹೈದರಾಬಾದಿನ ಫಲಕ್‌ನುಮಾ ಅರಮನೆಯನ್ನು ನವಾಬ ವಿಕಾರ್-ಉಲ್-ಉಮ್ರಾ ೧೮೮೪ರಲ್ಲಿ ಆರಂಭಿಸಿದರು. ಅನಂತರ ಅದು ಆರನೆಯ ನಿಜಾಮ ಮಹಬೂಬ್ ಅಲಿ ಖಾನರಿಗೆ ಸೇರಿತು. ಬಹುಕಾಲ ಮುಚ್ಚಿದ್ದ ಅದು, ಸುಮಾರು ಹತ್ತು ವರ್ಷಗಳ ದುರಸ್ತಿಯ ತರುವಾಯ ೨೦೧೦ರಲ್ಲಿ ತಾಜ್ ಹೋಟೆಲಾಗಿ ತೆರೆಯಿತು. ೧೦೧ ಮಂದಿ ಒಟ್ಟಿಗೆ ಕುಳಿತು ಉಣ್ಣಬಹುದಾದ ಅದರ ಮೇಜು ಇಂದಿಗೂ ಉಳಿದಿದೆ.

ಇಂತಹ ಕೆಲಸಕ್ಕೆ ಹಣವೊಂದೇ ಸಾಲದು. ಸುಣ್ಣದ ಗಾರೆಯ ಹಳೆಯ ಗೋಡೆಗೆ ಸಿಮೆಂಟನ್ನು ಮೆತ್ತಿದರೆ ತೇವವು ಒಳಗೇ ಉಳಿದು ಕಲ್ಲು ಪದರುಪದರಾಗಿ ಏಳುವುದು. ಸುಣ್ಣವನ್ನು ನೆನೆಸಿ, ಅರೆದು, ಹದಗೊಳಿಸಬಲ್ಲ ಕುಶಲಿಗಳು ಬೇಕು. ಹೋಟೆಲಿನ ಆದಾಯವು ಅವರ ವಿದ್ಯೆಯನ್ನು ಉಳಿಸುವುದಾದರೆ ಅದನ್ನು ನಾವು ಅಲ್ಲಗಳೆಯಲಾರೆವು.

ಆದರೆ ಗೋಡೆ ಉಳಿದು ಬಾಗಿಲು ಮುಚ್ಚಿದರೆ ಇತಿಹಾಸವು ಯಾರ ಪಾಲಿಗೆ ಉಳಿಯಿತು? ಒಂದು ರಾತ್ರಿಯ ಬಾಡಿಗೆಯನ್ನು ತೆರಲಾರದ ರೈತನ ಹಿರಿಯರೇ ಆ ಕಲ್ಲುಗಳನ್ನು ಹೊತ್ತವರು. ಗದ್ವಾಲದ ಕೋಟೆಯಲ್ಲಿ ಚೆನ್ನಕೇಶವನ ಗುಡಿಯಿದೆ; ಅಲ್ಲಿಯೇ ಕಾಲೇಜೂ ನೆಲೆಗೊಂಡಿತು. ಅರಸರ ಆವರಣದಲ್ಲಿ ರೈತರ ಮಕ್ಕಳು ಪುಸ್ತಕ ಹಿಡಿದು ನಡೆದುದು ಯಾವ ದರ್ಬಾರಿಗೂ ಕಡಮೆಯಾದ ವೈಭವವಲ್ಲ.

ಆದುದರಿಂದ ಹಳೆಯ ಅರಮನೆಯೊಂದು ಹೋಟೆಲಾಗುವುದಾದರೆ, ಶಾಲೆಯ ಮಕ್ಕಳಿಗೆ ಗೊತ್ತಾದ ದಿನಗಳಲ್ಲಿ ಉಚಿತ ಪ್ರವೇಶವಿರಬೇಕೆಂಬ ಮಾತು ಕರಾರಿನಲ್ಲಿಯೇ ಸೇರಬೇಕೆಂದು ನಮ್ಮ ಅಭಿಪ್ರಾಯ. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಉಪಾಧ್ಯಾಯ ಬಂಧುಗಳು ಅಲ್ಲಿಯವರೆಗೆ ಸುಮ್ಮನಿರಬೇಕಾಗಿಲ್ಲ. ತಂತಮ್ಮ ಊರಿನ ಕೋಟೆ, ವಾಡೆ, ಬಾವಿಗಳನ್ನು ವಿದ್ಯಾರ್ಥಿಗಳಿಂದ ಅಳೆಯಿಸಿ, ಹಿರಿಯರು ಹೇಳುವುದನ್ನು ಬರೆಯಿಸಿ ಇಡಲಿ. ನಾಳೆ ದುರಸ್ತಿಗೆ ಬರುವವರಿಗೆ ಆ ಬರಹವೇ ಮೊದಲ ನಕ್ಷೆಯಾದೀತು.