ಗಾಳಿ ಏಳುವ ಮುಂಚಿನ ಬೆಂಕಿ

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಜನವರಿಯ ಹೊತ್ತಿಗೆ ಕಾಡಿಗೆ ಬೆಂಕಿ ಇಡುತ್ತಿದ್ದರು. ಅದಕ್ಕೆ ಅವರಿಟ್ಟ ಹೆಸರು 'ತರಗು ಬೆಂಕಿ'. ಅದು ಸುಡುತ್ತಿದ್ದುದು ನೆಲದ ತರಗೆಲೆಯನ್ನಷ್ಟೇ.

ಆ ತಿಂಗಳಲ್ಲಿ ಮಣ್ಣಿನಲ್ಲಿ ಮಳೆಗಾಲದ ತೇವ ಇನ್ನೂ ಉಳಿದಿರುತ್ತದೆ, ಹುಲ್ಲು ಪೂರ್ತಿ ಒಣಗಿರುವುದಿಲ್ಲ. ಉರಿ ಮೊಣಕಾಲೆತ್ತರ ಏರದೆ ನೆಲ ಹಿಡಿದು ಸರಿಯುತ್ತದೆ. ಸಂಜೆ ಇಬ್ಬನಿ ಬಿದ್ದರೆ ತಾನಾಗಿ ನಂದುತ್ತದೆ. ಹೊಸ ಹುಲ್ಲು ಚಿಗುರಲಿ, ಜೇನು ಮತ್ತು ನೆಲ್ಲಿಕಾಯಿಗೆ ಹೋಗುವ ದಾರಿ ತೆರೆಯಲಿ, ನೆಲ್ಲಿ ಮರ ಹೀರುವ 'ಉಪ್ಪಿಲು' ಎಂಬ ಬಂದಳಿಕೆ ಹದ್ದುಬಸ್ತಿನಲ್ಲಿರಲಿ ಎಂಬುದು ಅದರ ಉದ್ದೇಶವಾಗಿತ್ತು.

ಫೆಬ್ರುವರಿ ಕಳೆಯುತ್ತಾ ಬಂದಂತೆ ಅದೇ ಕಾಡು ಬೇರೆಯಾಗುತ್ತದೆ. ಎಲೆಯೆಲ್ಲ ಉದುರಿ ಬಿಸಿಲು ನೇರ ನೆಲಕ್ಕೆ ಬೀಳುತ್ತದೆ. ಮಧ್ಯಾಹ್ನದ ಗಾಳಿಯಲ್ಲಿ ಪಸೆಯಿರುವುದಿಲ್ಲ. ಇಳಿಜಾರಿನಲ್ಲಿ ಹೊತ್ತಿದ ಉರಿ ತನ್ನ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸುತ್ತಾ ಹೋಗುವುದರಿಂದ, ಬೆಟ್ಟ ಹತ್ತುವ ಬೆಂಕಿಗೆ ಬಯಲಿನ ಬೆಂಕಿಗಿಂತ ವೇಗ ಹೆಚ್ಚು. ಗಾಳಿಯೂ ಜೊತೆಗೂಡಿದರೆ ಉರಿ ತಡೆಯಲೆಂದು ಹುಲ್ಲು ತೆಗೆದಿಟ್ಟ ಬೆಂಕಿ ರೇಖೆಯನ್ನೇ ಕಿಡಿಗಳು ದಾಟಿ ಬೀಳುತ್ತವೆ.

ಬ್ರಿಟಿಷ್ ಅರಣ್ಯಾಧಿಕಾರಿಗಳು ಎಲ್ಲ ಬೆಂಕಿಯನ್ನೂ ಒಂದೇ ಎಂದು ಕಂಡರು. 1860ರ ದಶಕದಲ್ಲಿ ಮಧ್ಯಪ್ರಾಂತ್ಯದ ಬೋರಿ ಕಾಡಿನಲ್ಲಿ ಕರ್ನಲ್ ಪಿಯರ್ಸನ್ ಬೆಂಕಿ ತಡೆದು ಯಶಸ್ವಿಯಾದ ಮೇಲೆ ಅದೇ ನೀತಿ ದೇಶಕ್ಕೆಲ್ಲ ಹಬ್ಬಿತು. ಆದರೆ ಅದನ್ನು ಪ್ರಶ್ನಿಸಿದವರು ಇಲಾಖೆಯೊಳಗೇ ಇದ್ದರು. ಬರ್ಮಾದಲ್ಲಿ ಬೆಂಕಿ ತಡೆ ಅತಿಯಾಯಿತು ಎಂದು ಸ್ಲೇಡ್ ಎಂಬ ಅಧಿಕಾರಿ 1896ರಲ್ಲಿ 'ಇಂಡಿಯನ್ ಫಾರೆಸ್ಟರ್' ಪತ್ರಿಕೆಯಲ್ಲಿ ಬರೆದರು. ತೇಗದ ಸಸಿ ಏಳಬೇಕಾದರೆ ಬೆಂಕಿಯೂ ಬೇಕು ಎಂಬ ವಾದ ಅಲ್ಲಿ ಬೆಳೆಯಿತು.

ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು. ಬೇಟೆ ಮತ್ತು ಕಾಡು ಕಡಿದು ಮಾಡುವ ಬೇಸಾಯದ ಜೊತೆಗೆ ತರಗು ಬೆಂಕಿಯೂ ನಿಂತಿತು.

ಆಮೇಲೆ ಲಂಟಾನ ಬೆಳೆಯಿತು ಎನ್ನುತ್ತಾರೆ ಸೋಲಿಗರು. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಂದದ ಗಿಡವಾಗಿ ಬಂದದ್ದು ಅದು. ಈ ಬೆಟ್ಟದಲ್ಲಿ ಸಂಶೋಧಕರು ಗುರುತಿಸಿಟ್ಟ ತಾಕುಗಳ ಪೈಕಿ 1997ರಲ್ಲಿ ಶೇ. 41ರಲ್ಲಿ ಲಂಟಾನ ಇತ್ತು. 2008ರ ಹೊತ್ತಿಗೆ ಅದು ಶೇ. 81ಕ್ಕೆ ಮುಟ್ಟಿತು. ಆಳೆತ್ತರದ ಈ ಪೊದೆ ಒಣಗಿದಾಗ ನೆಲದ ಉರಿಗೆ ಮರದ ತಲೆಗೇರಲು ಏಣಿಯಾಗುತ್ತದೆ.

ಅಂಥ ಏಣಿಗೆ ಗಾಳಿ ಸೇರಿದರೆ ಏನಾಗುತ್ತದೆಂದು ನೆರೆಯ ಬಂಡೀಪುರ 2019ರ ಫೆಬ್ರುವರಿಯಲ್ಲಿ ಕಂಡಿತು. ಕೆಲವೇ ದಿನಗಳಲ್ಲಿ ಸುಮಾರು 4,400 ಹೆಕ್ಟೇರ್ ಸುಟ್ಟಿತು. ಗೋಪಾಲಸ್ವಾಮಿ ಬೆಟ್ಟದ ಸುತ್ತ ಸೊಪ್ಪು ಬಡಿದು ಬೆಂಕಿ ಆರಿಸುತ್ತಿದ್ದವರ ಕೈ ಸೋತಾಗ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು. ಈ ಕಾಡುಗಳಲ್ಲಿ ಕಿಡಿ ಹೊತ್ತಿಸುವವರು ಬಹುಪಾಲು ಮನುಷ್ಯರೇ. ಆ ಕಿಡಿ ಎಷ್ಟು ದೂರ ಹೋಗಬೇಕೆಂಬುದು ಮಾತ್ರ ಅಂದಿನ ಗಾಳಿಯ ಕೈಯಲ್ಲಿರುತ್ತದೆ.

ಇಂದು ಲಂಟಾನ ತುಂಬಿದ ಕಾಡಿಗೆ ಹಳೆಯ ತರಗು ಬೆಂಕಿಯನ್ನು ಹಾಗೇ ಮರಳಿಸಲಾಗದು. ಮೊದಲು ಪೊದೆ ತೆಗೆಯಬೇಕು. ಆದರೂ ಬೇಸಿಗೆಗೆ ಮುನ್ನ ಬೆಂಕಿ ರೇಖೆಗಳ ಹುಲ್ಲನ್ನು ಅರಣ್ಯ ಇಲಾಖೆಯೇ ಸುಡುತ್ತದೆ. ಕಾಲ ನೋಡಿ ಸುಡುವ ಆ ವಿವೇಕ ಸೋಲಿಗರದೂ ಹೌದು. 2011ರಲ್ಲಿ ಅವರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆತಿದೆ. ಯಾವ ತಾಕನ್ನು ಯಾವ ವಾರ ಸುಡಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ಇಲಾಖೆ ಸೋಲಿಗ ಹಿರಿಯರ ಜೊತೆ ಕುಳಿತು, ಗಾಳಿ ಏಳುವ ಮುಂಚೆಯೇ ತೀರ್ಮಾನಿಸಲಿ.