ಯಾವ ಬ್ರಶ್ ಸಾರ್?

ಕಳೆದ ಚಿತ್ರಸಂತೆಯಲ್ಲಿ ನಾನೊಂದು ಪೆದ್ದು ಪ್ರಶ್ನೆ ಕೇಳಿದೆ. ಕುಮಾರಕೃಪಾ ರಸ್ತೆ ತುಂಬ ಜನವೋ ಜನ. ಗೋಡೆಗೆ, ಮರಕ್ಕೆ, ಕಬ್ಬಿಣದ ಬೇಲಿಗೆ ಚಿತ್ರಗಳನ್ನು ಒರಗಿಸಿಕೊಂಡು ಕಲಾವಿದರು ಕೂತಿದ್ದರು. ತಳ್ಳಿಸಿಕೊಂಡು ಮುಂದೆ ಹೋಗುತ್ತಿದ್ದವನು ಒಂದು ಕಡೆ ಗಕ್ಕನೆ ನಿಂತೆ. ಮಳೆಯಲ್ಲಿ ನೆನೆದ ಹೆಂಚಿನ ಮನೆಗಳು! ಎರಡು ವರ್ಷದಿಂದ ಇನ್‌ಸ್ಟಾಗ್ರಾಂನಲ್ಲಿ ದಿನಾ ನೋಡುತ್ತಿದ್ದ ಚಿತ್ರಗಳು. ಅಲ್ಲಿ ನಾನು ಕಂಡಿದ್ದು ಬಣ್ಣ ಹಚ್ಚುವ ಒಂದು ಕೈ ಮಾತ್ರ. ಆ ಕೈಗೊಬ್ಬ ಮನುಷ್ಯ ಇದ್ದಾನೆ, ಬಿಸಿಲಿಗೆ ತಲೆ ಮೇಲೆ ಟವೆಲ್ ಹಾಕಿಕೊಂಡಿದ್ದಾನೆ, ಪಕ್ಕದಲ್ಲಿ ಹೆಂಡತಿ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿದ್ದಾರೆ ಅನ್ನುವುದು ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಏನೇನೋ ಹೇಳಬೇಕು ಅಂದುಕೊಂಡೆ. ಬಾಯಿಂದ ಬಂದಿದ್ದು ಇಷ್ಟೇ: "ಸಾರ್, ಹೆಂಚಿನ ಮೇಲೆ ನೀರು ಇಳಿಯೋದನ್ನ ಯಾವ ಬ್ರಶ್ಶಲ್ಲಿ ಮಾಡ್ತೀರಾ?"

ಅವರು ನಕ್ಕು, ಕೂದಲು ಕೆದರಿದ ಒಂದು ಬ್ರಶ್ ತೋರಿಸಿದರು. "ಇದ್ರಲ್ಲೇ. ಅವೆನ್ಯೂ ರೋಡಲ್ಲಿ ತಗೊಂಡಿದ್ದು, ನಲವತ್ತು ರೂಪಾಯಿ."

ನಾನು ನಂಬಲಿಲ್ಲ. ನಂಬಲಿಲ್ಲ ಅನ್ನುವುದು ನನ್ನ ಮುಖದಲ್ಲೇ ಕಂಡಿರಬೇಕು. ಕಾಗದದ ಚೂರೊಂದನ್ನು ಎಳೆದುಕೊಂಡು ಅದೇ ಬ್ರಶ್ಶಿನಿಂದ ಎರಡು ಹೆಂಚು ಎಳೆದು ಅದರ ಮೇಲೆ ನೀರು ಇಳಿಸಿಯೇಬಿಟ್ಟರು.

ಬಸ್ಸಿನಲ್ಲಿ ಮನೆಗೆ ಬರುವಾಗ ಸಮಾಧಾನ ಮಾಡಿಕೊಂಡೆ. ಇದೇ ಪ್ರಶ್ನೆಯನ್ನು ಐನೂರು ವರ್ಷಗಳ ಹಿಂದೆ ವೆನಿಸ್‌ನಲ್ಲಿ ಒಬ್ಬರು ಕೇಳಿದ್ದರು. ಕೇಳಿದವರು ನನ್ನಂಥ ದಾರಿಹೋಕರಲ್ಲ, ಇಟಲಿಯ ಆ ಕಾಲದ ಬಹುದೊಡ್ಡ ಚಿತ್ರಕಾರ ಜೋವಾನಿ ಬೆಲ್ಲಿನಿ. ಉತ್ತರ ಕೊಡಬೇಕಾಗಿ ಬಂದವನು ಜರ್ಮನಿಯ ನ್ಯೂರೆಂಬರ್ಗಿನಿಂದ ಬಂದಿದ್ದ ಆಲ್ಬ್ರೆಕ್ಟ್ ಡ್ಯೂರರ್. ಕಥೆ ಬರೆದಿಟ್ಟವನು ಡ್ಯೂರರ್‌ನನ್ನು ಬಲ್ಲ ಪಂಡಿತ ಕಮೆರಾರಿಯುಸ್. ಡ್ಯೂರರ್ ತೀರಿಕೊಂಡ ನಾಲ್ಕು ವರ್ಷಕ್ಕೆ, 1532ರಲ್ಲಿ, ಅವನ ಪುಸ್ತಕವೊಂದರ ಲ್ಯಾಟಿನ್ ಅನುವಾದಕ್ಕೆ ಬರೆದ ಮುನ್ನುಡಿಯಲ್ಲಿ ಇದು ಬರುತ್ತದೆ. ಡ್ಯೂರರ್ ಕೂದಲು ಬರೆಯುವ ನಯ ಕಂಡು ಬೆರಗಾದ ಬೆಲ್ಲಿನಿ, ಕೂದಲು ಬರೆಯುವ ಆ ಬ್ರಶ್ಶುಗಳಲ್ಲಿ ಒಂದನ್ನು ನನಗೆ ಕೊಡಬಾರದೆ ಅಂತ ಕೇಳಿದನಂತೆ. ಡ್ಯೂರರ್ ಹಲವು ಬ್ರಶ್ಶುಗಳನ್ನು ಮುಂದಿಟ್ಟು ಯಾವುದು ಬೇಕೋ ತಗೊಳ್ಳಿ, ಎಲ್ಲವನ್ನೂ ಬೇಕಾದರೂ ತಗೊಳ್ಳಿ ಅಂದ. ಅವು ಬೆಲ್ಲಿನಿ ಬಳಸುವಂಥ ಮಾಮೂಲಿ ಬ್ರಶ್ಶುಗಳೇ. ಇವಲ್ಲಪ್ಪಾ, ಆ ಬೇರೆ ಥರದ್ದು ಅಂತ ಬೆಲ್ಲಿನಿ. ಬೇರೆ ಥರದ್ದು ಇಲ್ಲ ಅಂತ ಡ್ಯೂರರ್. ಕೊನೆಗೆ ಅದರಲ್ಲೇ ಒಂದನ್ನು ಎತ್ತಿಕೊಂಡು, ಹೆಂಗಸಿನ ಉದ್ದನೆಯ ಗುಂಗುರು ಕೂದಲನ್ನು ಮುದುಕನ ಕಣ್ಣೆದುರೇ ಬರೆದು ತೋರಿಸಿದ.

ಕಮೆರಾರಿಯುಸ್ ಉಪ್ಪುಖಾರ ಸೇರಿಸಿದ್ದನೋ ಏನೋ, ಆದರೆ ಬೆಲ್ಲಿನಿ ಹುಡುಕಿಕೊಂಡು ಬಂದದ್ದು ನಿಜ. 1506ರ ಫೆಬ್ರವರಿ 7ರಂದು ಡ್ಯೂರರ್ ತನ್ನ ಗೆಳೆಯ ಪಿರ್ಕ್‌ಹೈಮರ್‌ಗೆ ಬರೆದ ಪತ್ರ ಉಳಿದಿದೆ. ಅದರಲ್ಲಿ ಅರ್ಧ ಗೋಳು, ಅರ್ಧ ಸಂಭ್ರಮ. ಇಲ್ಲಿನ ಚಿತ್ರಕಾರರಲ್ಲಿ ಬಹಳ ಜನ ತನಗೆ ವೈರಿಗಳು, ತನ್ನ ಕೆಲಸವನ್ನು ಸಿಕ್ಕಸಿಕ್ಕಲ್ಲಿ ನಕಲು ಮಾಡುತ್ತಾರೆ, ಆಮೇಲೆ ಅದು ಪ್ರಾಚೀನರ ರೀತಿಯದ್ದಲ್ಲ ಅಂತ ಹಳಿಯುತ್ತಾರೆ. ಅವರ ಜೊತೆ ಕೂತು ಉಣ್ಣಬೇಡ, ಕುಡಿಯಬೇಡ ಅಂತ ಸ್ನೇಹಿತರು ಎಚ್ಚರಿಸಿದ್ದಾರೆ. ಇದೆಲ್ಲ ಹೇಳಿಕೊಂಡ ಮೇಲೆ ಬೆಲ್ಲಿನಿಯ ವಿಷಯ ಬರುತ್ತದೆ. ಅವನು ದೊಡ್ಡಮನೆತನದವರ ಮುಂದೆ ತನ್ನನ್ನು ಹೊಗಳಿದ, ತಾನಾಗಿಯೇ ತನ್ನ ಬಳಿಗೆ ಬಂದ, ಏನಾದರೂ ಬರೆದುಕೊಡು, ಒಳ್ಳೆಯ ಬೆಲೆ ಕೊಡುತ್ತೇನೆ ಅಂದ. ತುಂಬಾ ವಯಸ್ಸಾಗಿದೆ, ಆದರೂ ಚಿತ್ರ ಬರೆಯುವುದರಲ್ಲಿ ಈಗಲೂ ಅವನೇ ಮೇಲು ಅನ್ನುತ್ತಾನೆ ಡ್ಯೂರರ್.

ನನಗೆ ಇಲ್ಲಿ ಇಷ್ಟವಾಗುವುದು ಆ "ಬೆಲೆ ಕೊಡುತ್ತೇನೆ" ಅನ್ನುವ ಮಾತು. ಎಪ್ಪತ್ತು ದಾಟಿದವನು, ಊರಿಗೆಲ್ಲ ಗುರು. ಮೂವತ್ತನಾಲ್ಕರ ಪರದೇಶಿಯೊಬ್ಬನ ಹತ್ತಿರ ನೆನಪಿಗೊಂದು ಬರೆದುಕೊಡಪ್ಪಾ ಅಂದಿದ್ದರೂ ನಡೆಯುತ್ತಿತ್ತು. ನಮ್ಮಲ್ಲಿ ಚಿತ್ರ ಬರೆಯುವವರನ್ನು ಕೇಳಿ ನೋಡಿ. ಮೆಚ್ಚಿಕೊಳ್ಳುವವರಿಗೆ ಬರವಿಲ್ಲ. "ನಮ್ಮ ಮಗೂದೊಂದು ಸ್ಕೆಚ್ ಮಾಡಿಕೊಡಿ ಸಾರ್, ಐದು ನಿಮಿಷದ ಕೆಲಸ" ಅನ್ನುವವರಿಗಂತೂ ಬರವೇ ಇಲ್ಲ.

ಡ್ಯೂರರ್‌ಗೆ ಬೆಲ್ಲಿನಿಯ ಭೇಟಿ ಯಾಕೆ ಅಷ್ಟು ತಟ್ಟಿತು ಅನ್ನುವುದಕ್ಕೆ ಹದಿನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು.

ಡ್ಯೂರರ್ ಅಕ್ಕಸಾಲಿಗನ ಮಗ. ನ್ಯೂರೆಂಬರ್ಗಿನಲ್ಲೇ ವೋಲ್‌ಗೆಮುಟ್ ಅನ್ನುವ ಚಿತ್ರಕಾರನ ಕೈಕೆಳಗೆ ಪಳಗಿ, 1490ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಕಸುಬುದಾರರ ಪದ್ಧತಿಯಂತೆ ದೇಶ ಸುತ್ತಲು ಹೊರಟ. ಅವನ ಮನಸ್ಸಿನಲ್ಲಿದ್ದ ಹೆಸರು ಮಾರ್ಟಿನ್ ಶೋನ್‌ಗೌವರ್. ಈಗ ಫ್ರಾನ್ಸಿಗೆ ಸೇರಿದ ಕೋಲ್ಮಾರ್ ಪಟ್ಟಣದವನು. ತಾಮ್ರದ ತಗಡನ್ನು ಉಳಿಯಿಂದ ಕೊರೆದು, ಗೆರೆಯೊಳಗೆ ಮಸಿ ತುಂಬಿ ಕಾಗದಕ್ಕೆ ಒತ್ತುವ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬಣ್ಣದ ಚಿತ್ರವಾದರೆ ಒಂದು ಚರ್ಚಿನ ಗೋಡೆಗೆ ಅಂಟಿಕೊಂಡಿರುತ್ತದೆ, ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು. ಅಚ್ಚಿನ ಚಿತ್ರ ಹಾಗಲ್ಲ. ವ್ಯಾಪಾರಿಯ ಗಂಟಿನಲ್ಲಿ ಮಡಚಿಕೊಂಡು ಊರೂರು ತಿರುಗುತ್ತದೆ. ಬರೆದವನ ಮುಖ ಕಾಣದ ಜನ, ಹಾಳೆಯಲ್ಲಿರುವ ಎಂ ಮತ್ತು ಎಸ್ ಎಂಬ ಎರಡು ಅಕ್ಷರ ನೋಡಿಯೇ ಇದು ಅವನದು ಅನ್ನುತ್ತಿದ್ದರು. ಮೊಬೈಲಿನಲ್ಲಿ ನಾನು ಹೆಂಚಿನ ಮನೆ ಗುರುತು ಹಿಡಿಯುತ್ತಿದ್ದ ಹಾಗೆಯೇ.

ಅವನ ಒಂದು ಹಾಳೆ ಆಲ್ಪ್ಸ್ ಪರ್ವತ ದಾಟಿ ಫ್ಲಾರೆನ್ಸಿಗೂ ಹೋಗಿತ್ತು. ಸಂತ ಆಂಟನಿಯನ್ನು ದೆವ್ವಗಳು ಹಿಡಿದೆಳೆಯುವ ಚಿತ್ರ. ಅದನ್ನು ಹುಡುಗ ಮೈಕೆಲೆಂಜೆಲೊ ನೋಡಿ ಬಣ್ಣದಲ್ಲಿ ನಕಲು ಮಾಡಲು ಕೂತನಂತೆ. ದೆವ್ವಗಳ ಮೈಮೇಲಿನ ಪೊರೆ ಸರಿಯಾಗಿ ಬರಬೇಕು ಅಂತ ಮೀನು ಮಾರ್ಕೆಟ್ಟಿಗೆ ಹೋಗಿ ಮೀನಿನ ಬಣ್ಣ ನೋಡಿಕೊಂಡು ಬಂದ ಅಂತ ಅವನ ಜೀವನ ಬರೆದ ಕೊಂಡಿವಿ ಹೇಳುತ್ತಾನೆ. ಕೋಲ್ಮಾರ್‌ನಲ್ಲಿ ಕೂತ ಶೋನ್‌ಗೌವರ್‌ಗೆ ಇದು ಗೊತ್ತಾಗುವ ದಾರಿಯೇ ಇರಲಿಲ್ಲ. ಗೊತ್ತಾಗಿದ್ದರೆ ಎಷ್ಟು ಖುಷಿಪಡುತ್ತಿದ್ದನೋ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಡ್ಯೂರರ್ ಕೋಲ್ಮಾರ್ ಮುಟ್ಟಿದ್ದು 1492ರಲ್ಲಿ. ಶೋನ್‌ಗೌವರ್ 1491ರ ಫೆಬ್ರವರಿ 2ರಂದೇ ಪಕ್ಕದ ಬ್ರೈಸಾಖ್ ಊರಿನಲ್ಲಿ ತೀರಿಕೊಂಡಿದ್ದ. ಅಲ್ಲಿನ ಚರ್ಚಿನ ಗೋಡೆಗೆ ಅಂತಿಮ ತೀರ್ಪಿನ ಚಿತ್ರ ಬರೆಯಲು ಹೋಗಿದ್ದವನು ಮನೆಗೆ ಮರಳಲಿಲ್ಲ. ಬಂದ ಹುಡುಗನನ್ನು ಅವನ ಅಣ್ಣತಮ್ಮಂದಿರು ಒಳಗೆ ಕರೆದರು: ಕಾಸ್ಪರ್ ಮತ್ತು ಪೌಲ್ ಅಕ್ಕಸಾಲಿಗರು, ಲುಡ್ವಿಗ್ ಚಿತ್ರಕಾರ. ಮುಂದೆ ಬಾಸೆಲ್ ಊರಿನಲ್ಲಿ ಗೇಯೋರ್ಗ್ ಎಂಬ ಇನ್ನೊಬ್ಬ ಸಹೋದರನೂ ಆದರಿಸಿದ. ಎಷ್ಟೋ ವರ್ಷದ ಮೇಲೆ ಯಾರೋ, ಡ್ಯೂರರ್ ಶೋನ್‌ಗೌವರ್‌ನ ಶಿಷ್ಯ ಅಂತ ಬರೆದಾಗ ನ್ಯೂರೆಂಬರ್ಗಿನ ವಕೀಲ ಶಾಯರ್ಲ್ ಅದನ್ನು ತಿದ್ದಿದ. ಶಿಷ್ಯನಾಗುವ ಆಸೆ ಇತ್ತು, ಆದರೆ ಅವನನ್ನು ನೋಡಲೇ ಇಲ್ಲ ಅಂತ ಡ್ಯೂರರೇ ತನಗೆ ತಿಳಿಸಿದ್ದಾನೆ ಅಂತ. ಆ ಹೊತ್ತಿಗೆ ಡ್ಯೂರರ್ ಯುರೋಪಿನಲ್ಲೆಲ್ಲ ಹೆಸರಾಗಿದ್ದ. ಶಿಷ್ಯ ಅಂತಲೇ ಜನ ನಂಬಿಕೊಳ್ಳಲಿ ಬಿಡು ಅನ್ನಬಹುದಿತ್ತು. ಅನ್ನಲಿಲ್ಲ.

ನನಗೂ ಒಂದು ಕೋಲ್ಮಾರ್ ಇದೆ. ನಮ್ಮ ಮನೆಯಿಂದ ಎರಡೇ ಸ್ಟಾಪ್ ದೂರ. ಅಲ್ಲೊಬ್ಬರು ಹಿರಿಯರು ಇದ್ದರು, ಮರದ ಅಚ್ಚು ಕೊರೆದು ಚಿತ್ರ ತೆಗೆಯುತ್ತಿದ್ದರು. ಹೆಸರು ಬೇಡ. ಮೂರು ವರ್ಷ ಅವರು ಹಾಕಿದ ಪ್ರತಿಯೊಂದಕ್ಕೂ ಹಾರ್ಟ್ ಒತ್ತಿದೆ. "ಅದ್ಭುತ ಸಾರ್" ಅಂತ ಬರೆದೆ. ಒಮ್ಮೆ ಅವರೇ "ಹತ್ತಿರದಲ್ಲೇ ಇದ್ದೀರಲ್ಲ, ಬನ್ನಿ ಒಂದು ಭಾನುವಾರ, ಕಾಫಿ ಕುಡಿಯೋಣ" ಅಂತ ಬರೆದಿದ್ದರು. "ಖಂಡಿತ ಸಾರ್" ಅಂದೆ. ಆಮೇಲೆ ಎಷ್ಟು ಭಾನುವಾರ ಬಂದವು ಅಂತ ಲೆಕ್ಕ ಹಾಕಲು ನನಗೆ ಧೈರ್ಯವಿಲ್ಲ. ಒಂದು ಬೆಳಿಗ್ಗೆ ಅವರ ಪುಟದಲ್ಲಿ ಹಾರ ಹಾಕಿದ ಫೋಟೋ ಇತ್ತು. ಆ ಸಂಜೆ ಹೋದೆ. ಬಾಗಿಲು ತೆಗೆದ ಮಗಳು, "ಅಪ್ಪನಿಗೆ ನೀವು ಹೇಗೆ ಪರಿಚಯ?" ಅಂತ ಕೇಳಿದರು. ಸಹಜವಾದ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು. ಮೇಜಿನ ಮೇಲೆ ಅರ್ಧ ಕೊರೆದ ಹಲಗೆ, ಅದರ ಪಕ್ಕ ಬಾಚಿಟ್ಟ ಮರದ ಪುಡಿ. ಮುಟ್ಟಿ ನೋಡಿ ಅಂದರು. ಮುಟ್ಟಲಿಲ್ಲ.

ಡ್ಯೂರರ್ ಮುಂದೆ ಶೋನ್‌ಗೌವರ್‌ನ ಕೈಬರಹದ ಚಿತ್ರಗಳನ್ನು ಸಂಪಾದಿಸಿ ಇಟ್ಟುಕೊಂಡಿದ್ದ. ಕೆಲವುದರ ಮೇಲೆ ಇದು "ಚೆಲುವ ಮಾರ್ಟಿನ್" ಮಾಡಿದ್ದು, ಇಂಥ ವರ್ಷದಲ್ಲಿ ಮಾಡಿದ್ದು ಅಂತ ತಾನೇ ಬರೆದಿದ್ದಾನೆ. ಜನ ಅವನನ್ನು ಕರೆಯುತ್ತಿದ್ದದ್ದೇ ಹಾಗೆ. ತಡವಾಗಿ ಬಂದವನು ಮಾಡಬಹುದಾದದ್ದು ಅಷ್ಟೇ ಇತ್ತು.

ಆಮೇಲಿನ ಡ್ಯೂರರ್‌ನನ್ನು ನೋಡಿದರೆ ಬದುಕಿರುವವರ ಹತ್ತಿರ ಇವನು ಸಾಲ ಇಟ್ಟುಕೊಳ್ಳುವುದಿಲ್ಲ ಅನ್ನಿಸುತ್ತದೆ. ರೋಮಿನಲ್ಲಿದ್ದ ರಾಫೆಲ್‌ನನ್ನು ಅವನು ಕಾಣಲೇ ಇಲ್ಲ. ಆದರೆ ಇಬ್ಬರ ನಡುವೆ ಚಿತ್ರಗಳು ಓಡಾಡಿದವು. ತೆಳು ಬಟ್ಟೆಯ ಮೇಲೆ, ಎರಡೂ ಕಡೆಯಿಂದ ಕಾಣುವ ಹಾಗೆ ತನ್ನ ಮುಖ ಬರೆದು ಡ್ಯೂರರ್ ಕಳಿಸಿದ ಅಂತ ವಸಾರಿ ಹೇಳುತ್ತಾನೆ. ಆ ಬಟ್ಟೆ ಈಗಿಲ್ಲ. ವಸಾರಿಯ ಮಾತನ್ನು ಪೂರ್ತಿ ನಂಬುವ ಹಾಗೂ ಇಲ್ಲ, ಒಳ್ಳೆಯ ಕಥೆ ಸಿಕ್ಕರೆ ಬಿಡುವ ಆಸಾಮಿಯಲ್ಲ ಅವನು. ಆದರೆ ಆ ಕಡೆಯಿಂದ ಬಂದ ಒಂದು ಹಾಳೆ ವಿಯೆನ್ನಾದ ಆಲ್ಬರ್ಟೀನಾ ಮ್ಯೂಸಿಯಂನಲ್ಲಿದೆ. ಕೆಂಪು ಚಾಕಿನಲ್ಲಿ ಬರೆದ ಇಬ್ಬರು ಬೆತ್ತಲೆ ಗಂಡಸರು. ಅದರ ಮೇಲೆ 1515ರ ಟಿಪ್ಪಣಿ: ಪೋಪರ ಬಳಿ ಅಷ್ಟು ಗೌರವ ಪಡೆದ ರಾಫೆಲ್ ತನ್ನ ಕೈ ಹೇಗಿದೆ ಅಂತ ತೋರಿಸಲು ಇದನ್ನು ನ್ಯೂರೆಂಬರ್ಗಿಗೆ ಕಳಿಸಿದ ಅನ್ನುವ ಅರ್ಥದ್ದು. ಹೊಗಳಿಕೆಯ ಕಾಗದವಲ್ಲ, "ಇಗೋ ನನ್ನ ಕೈ" ಅಂತ.

1520ರ ಏಪ್ರಿಲ್ 6ರಂದು, ಮೂವತ್ತೇಳನೇ ವಯಸ್ಸಿಗೇ, ರಾಫೆಲ್ ಹೋಗಿಬಿಟ್ಟ. ಅದೇ ವರ್ಷ ಡ್ಯೂರರ್ ಹೆಂಡತಿ ಆಗ್ನೆಸ್ ಜೊತೆ ನೆದರ್ಲೆಂಡ್ಸ್ ಪ್ರವಾಸ ಹೊರಟಿದ್ದ. (ಆಗ್ನೆಸ್ ಬಗ್ಗೆ ಬೇರೆಯೇ ಬರೆಯಬೇಕು. ಗಂಡನ ಅಚ್ಚಿನ ಚಿತ್ರಗಳನ್ನು ಫ್ರಾಂಕ್‌ಫರ್ಟ್ ಜಾತ್ರೆಗೆ ಹೊತ್ತು ಮಾರಿ ಬರುತ್ತಿದ್ದ ಹೆಂಗಸು. ಚಿತ್ರಾನ್ನದ ಡಬ್ಬಿಯ ಆ ತಾಯಿಯನ್ನು ನೋಡಿದಾಗ ನನಗೆ ನೆನಪಾಗಿದ್ದು ಇವಳೇ.) ಆ ಪ್ರವಾಸದಲ್ಲಿ ಡ್ಯೂರರ್ ಇಟ್ಟ ದಿನಚರಿ ಮುಕ್ಕಾಲು ಪಾಲು ಖರ್ಚಿನ ಲೆಕ್ಕ. ಅದರ ನಡುನಡುವೆ ಮನುಷ್ಯರು ಸಿಗುತ್ತಾರೆ. ರಾಫೆಲ್‌ನ ಶಿಷ್ಯನೊಬ್ಬ, ಬೊಲೊನ್ಯಾದ ತೊಮ್ಮಾಸೊ, ಇವನನ್ನು ನೋಡಲು ಬರುತ್ತಾನೆ. ಗುರು ಸತ್ತ ಮೇಲೆ ಅವನ ವಸ್ತುಗಳೆಲ್ಲ ಚೆಲ್ಲಾಪಿಲ್ಲಿಯಾಗಿವೆ. ಡ್ಯೂರರ್ ತನ್ನ ಅಚ್ಚಿನ ಚಿತ್ರಗಳ ಇಡೀ ಕಟ್ಟನ್ನೇ ಕೊಟ್ಟು, ಇದನ್ನು ರೋಮಿಗೆ ಕಳಿಸಿ ಬದಲಿಗೆ ರಾಫೆಲ್‌ನ ಕೆಲಸ ತರಿಸಿಕೊಡು ಅನ್ನುತ್ತಾನೆ.

ಆಂಟ್ವರ್ಪ್‌ನಲ್ಲಿ ಚಿತ್ರಕಾರರ ಸಂಘ ಇವನನ್ನೂ ಆಗ್ನೆಸ್‌ಳನ್ನೂ ಮನೆಕೆಲಸದ ಹುಡುಗಿಯನ್ನೂ ಊಟಕ್ಕೆ ಕರೆಯಿತು. ಮೇಜಿನತ್ತ ನಡೆಯುವಾಗ ಎರಡೂ ಬದಿಗೆ ಜನ ಎದ್ದು ನಿಂತರಂತೆ, ರಾತ್ರಿ ಪಂಜು ಹಿಡಿದು ಮನೆತನಕ ಬಿಟ್ಟು ಹೋದರಂತೆ. ವೆನಿಸ್‌ನಲ್ಲಿದ್ದಾಗ ಇಲ್ಲಿ ನಾನು ದೊಡ್ಡ ಮನುಷ್ಯ, ನಮ್ಮೂರಿನಲ್ಲಿ ಬಿಟ್ಟಿ ಉಣ್ಣುವವನು ಅನ್ನುವ ಅರ್ಥದಲ್ಲಿ ಗೊಣಗಿಕೊಂಡಿದ್ದವನಿಗೆ ಆ ಪಂಜಿನ ಬೆಳಕು ಹೇಗೆ ಕಂಡಿತೋ! ಆದರೆ ನನಗೆ ಆ ಸನ್ಮಾನಕ್ಕಿಂತ ಎರಡು ಸಣ್ಣ ಲೆಕ್ಕಗಳು ಮುಖ್ಯ. ಒಂದು, ತಾಮ್ರದಚ್ಚಿನ ಕೆಲಸದಲ್ಲಿ ಹೆಸರಾಗಿದ್ದ ಲೂಕಾಸ್ ವಾನ್ ಲೈಡನ್ ಎಂಬ ಪುಟ್ಟ ಆಳಿನ ಚಿತ್ರಕಾರ ಸಿಕ್ಕಾಗ, ಅವನ ಮುಖ ಬರೆದು, ಎಂಟು ಗಿಲ್ಡರ್ ಬೆಲೆಯ ತನ್ನ ಹಾಳೆಗಳನ್ನು ಕೊಟ್ಟು ಅವನ ಅಚ್ಚುಗಳನ್ನೆಲ್ಲ ಪಡೆದದ್ದು. ಇನ್ನೊಂದು, ಚಿತ್ರಕಾರನೊಬ್ಬನ ಮಗಳು, ಹದಿನೆಂಟರ ಸುಮಾರಿನ ಸುಸಾನಾ ಹೋರೆನ್‌ಬೌಟ್ ಬರೆದಿದ್ದ ಪುಟಾಣಿ ಕ್ರಿಸ್ತನ ಚಿತ್ರ. ಅದಕ್ಕೆ ಒಂದು ಗಿಲ್ಡರ್ ಕೊಟ್ಟೆ ಅಂತ ಬರೆದಿದ್ದಾನೆ. ಹೆಣ್ಣೊಬ್ಬಳು ಇಷ್ಟು ಮಾಡುವುದೇ ಆಶ್ಚರ್ಯ ಅಂತ ಒಂದು ಮಾತು ಸೇರಿಸಿದ್ದಾನೆ, ಅದು ಈಗ ಕಿವಿಗೆ ಚುಚ್ಚುತ್ತದೆ. ಆದರೆ ದುಡ್ಡು ಎಣಿಸಿ ಕೊಟ್ಟಿದ್ದಾನೆ. ಆ ವಯಸ್ಸಿನ ಹುಡುಗಿಗೆ ಡ್ಯೂರರ್ ಕೊಂಡುಕೊಂಡ ಅನ್ನುವುದು ಎಷ್ಟು ದಿನದ ಊಟ!

ಡ್ಯೂರರ್ ಸತ್ತದ್ದು 1528ರಲ್ಲಿ. ಅದೂ ಏಪ್ರಿಲ್ 6ರಂದೇ. ತನ್ನ ಕೂದಲಿನ ಮೇಲೆ ಅವನಿಗೆ ವಿಪರೀತ ಮೋಹವಿತ್ತು, 1500ರಲ್ಲಿ ಬರೆದುಕೊಂಡ ತನ್ನ ಚಿತ್ರದಲ್ಲಿ ಹೆಗಲ ಮೇಲೆ ಸುರುಳಿ ಸುರುಳಿಯಾಗಿ ಇಳಿಬಿಟ್ಟಿದ್ದಾನೆ. ಆ ಕೂದಲಿನ ಒಂದು ಎಳೆಯನ್ನು ಕತ್ತರಿಸಿ, ಒಂದು ಕಾಲದಲ್ಲಿ ಅವನ ಕೈಕೆಳಗೆ ಕೆಲಸ ಮಾಡಿದ್ದ ಹಾನ್ಸ್ ಬಾಲ್ಡುಂಗ್ ಎಂಬ ಚಿತ್ರಕಾರನಿಗೆ ಕಳಿಸಿಕೊಟ್ಟರು. ಕೈಯಿಂದ ಕೈಗೆ ದಾಟಿ ಅದು ಈಗ ವಿಯೆನ್ನಾದ ಕಲಾ ಅಕಾಡೆಮಿಯಲ್ಲಿದೆ.

ಚಿತ್ರಸಂತೆಯ ದಿನ ಹೆಂಚಿನ ಮನೆಯ ಸಣ್ಣ ಚಿತ್ರವೊಂದನ್ನು ಕೊಂಡೆ. ಚೌಕಾಶಿ ಮಾಡಲಿಲ್ಲ. ಹಳೇ ಪೇಪರಿನಲ್ಲಿ ಸುತ್ತುತ್ತಾ ಅವರು, "ನೀವೇನು ಮಾಡ್ತೀರಿ?" ಅಂತ ಕೇಳಿದರು. ಅಲ್ಪಸ್ವಲ್ಪ ಬರೀತೀನಿ ಅಂದೆ. "ಹೌದಾ? ಕಳಿಸಿ ಮತ್ತೆ" ಅಂದರು. ಖಂಡಿತ ಸಾರ್ ಅನ್ನಲು ಹೊರಟಿದ್ದೆ, ಬಾಯಿ ಮುಚ್ಚಿಕೊಂಡು ನಂಬರ್ ಬರೆದುಕೊಂಡೆ. ಇದನ್ನು ಮುಗಿಸಿ ಮೊದಲು ಅವರಿಗೆ ಕಳಿಸಬೇಕು.